ನವವೃಂದಾವನದ ಶಿಲೆ ಮತ್ತು ಸನ್ನಿಧಾನ

ಫಾಲ್ಗುಣ ಬಹುಳ ಚತುರ್ಥಿಯು ಶ್ರೀವ್ಯಾಸರಾಜ ಗುರುಸಾರ್ವಭೌಮರ ಆರಾಧನೆಯ ಪುಣ್ಯದಿನ. ಅಚ್ಯುತದೇವರಾಯನ ಆಳ್ವಿಕೆಯ ಕಾಲದಲ್ಲಿ, 1539ರಲ್ಲಿ, ಆ ಮಹನೀಯರು ಹರಿಪಾದವನ್ನು ಸೇರಿದರು. ಆನೆಗೊಂದಿಯ ಸಮೀಪ ತುಂಗಭದ್ರೆಯ ನಡುಗಡ್ಡೆಯಲ್ಲಿ ಅವರ ವೃಂದಾವನವಾಯಿತು. ಪ್ರತಿವರ್ಷವೂ ಈ ಸಂದರ್ಭದಲ್ಲಿ ಗುರುಗಳ ಗ್ರಂಥವೈಭವ, ಶಿಷ್ಯಸಂಪತ್ತು, ಪ್ರಾಣದೇವರ ಪ್ರತಿಷ್ಠೆಗಳು ಇವನ್ನು ಕುರಿತು ಉಪನ್ಯಾಸಗಳು ನಡೆಯುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಎತ್ತದ ಒಂದು ಪ್ರಶ್ನೆಯನ್ನು ಈ ಸಲ ಸಜ್ಜನ ವಾಚಕರ ಮುಂದಿಡಲು ಬಯಸುತ್ತೇವೆ. ಅದು ಪಂಡಿತರ ಸಭೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ಕೇಳಿದ್ದು, ಹಿರಿಯರು ಬಾಯಿಬಿಟ್ಟು ಕೇಳಲು ಅಂಜಿದ್ದು.

2019ರ ಜುಲೈ 16ರಂದು ವ್ಯಾಸಪೂರ್ಣಿಮೆಯು ಆಚರಿಸಲ್ಪಟ್ಟಿತು. ಮರುದಿನ ರಾತ್ರಿ ಕೆಲವು ದುಷ್ಕರ್ಮಿಗಳು ಆ ನಡುಗಡ್ಡೆಯಲ್ಲಿ ಶ್ರೀವ್ಯಾಸರಾಜರ ವೃಂದಾವನದ ಶಿಲೆಗಳನ್ನು ಕಿತ್ತು ಕೆಡವಿ, ಅಡಿಯ ನೆಲವನ್ನು ಅಗೆದರು. ನಿಧಿಯ ಆಸೆಯೇ ಅವರನ್ನು ಅಲ್ಲಿಗೆ ಕರೆತಂದಿತ್ತು. ಬೆಳಗಾದಾಗ ಸುದ್ದಿ ನಾಡಿನಲ್ಲೆಲ್ಲ ಹಬ್ಬಿತು. ಬೇರೆ ಬೇರೆ ಮಠಗಳ ಯತಿಗಳೂ ಸಾವಿರಾರು ಭಕ್ತರೂ ಧಾವಿಸಿ ಬಂದರು. ಕೆಲವೇ ದಿನಗಳೊಳಗಾಗಿ ವೃಂದಾವನವು ಪುನಃ ಎದ್ದು ನಿಂತಿತು. ಆರೋಪಿಗಳ ಬಂಧನವೂ ಆಯಿತು. ಪತ್ರಿಕೆಗಳ ಮಟ್ಟಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಮನೆಗಳಲ್ಲಿ ಮಾತ್ರ ಎರಡು ಪ್ರಶ್ನೆಗಳು ಉಳಿದುಕೊಂಡವು. ಅಷ್ಟು ಮಹಿಮರಾದ ಗುರುಗಳು ತಮ್ಮ ವೃಂದಾವನವನ್ನೇ ಏಕೆ ಕಾಪಾಡಿಕೊಳ್ಳಲಿಲ್ಲ? ಮತ್ತೆ ಕಟ್ಟಿದ್ದು ಮೊದಲಿನ ವೃಂದಾವನವೇ ಹೇಗಾದೀತು? 2009ರ ಅಕ್ಟೋಬರ್ ತಿಂಗಳಲ್ಲಿ ಇದೇ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಮುಳುಗಿಸಿದಾಗಲೂ ಇಂಥದೇ ಮಾತು ಕೇಳಿಬಂದಿತ್ತು.

ಉತ್ತರಕ್ಕೆ ಹೊರಡುವ ಮೊದಲು ಆ ಸ್ಥಳದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಯಾತ್ರೆಗೆ ಹೋಗುವವರಲ್ಲಿ ಬಹುಮಂದಿ ನವವೃಂದಾವನವನ್ನು ವಿಜಯನಗರ ಸಾಮ್ರಾಜ್ಯದ ಒಂದು ಅಂಗವೆಂದೇ ತಿಳಿದಿರುತ್ತಾರೆ. ಕಾಲಗಣನೆಯು ಬೇರೆ ಮಾತನ್ನು ಹೇಳುತ್ತದೆ. ಒಂಬತ್ತು ಯತಿಗಳಲ್ಲಿ ಮೊದಲಿಗರಾದ ಶ್ರೀಪದ್ಮನಾಭತೀರ್ಥರು ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರು. ಪೂರ್ವಾಶ್ರಮದಲ್ಲಿ ಶೋಭನಭಟ್ಟರೆಂಬ ಹೆಸರಿನ ಪ್ರಚಂಡ ಪಂಡಿತರು. ಅನುವ್ಯಾಖ್ಯಾನಕ್ಕೆ ಸನ್ನ್ಯಾಯರತ್ನಾವಳಿ ಎಂಬ ಟೀಕೆಯನ್ನು ರಚಿಸಿದವರು. ಅವರು ವೃಂದಾವನಸ್ಥರಾದದ್ದು 1324ರಲ್ಲಿ. ಆಗ ಎದುರುದಡದಲ್ಲಿ ರಾಜಧಾನಿಯಿರಲಿಲ್ಲ, ಕಲ್ಲಿನ ರಥವಿರಲಿಲ್ಲ, ಆನೆಲಾಯವಿರಲಿಲ್ಲ. ವಿಜಯನಗರದ ಸ್ಥಾಪನೆಯ ವರ್ಷವೆಂದು ನಾವು ಓದುವ 1336 ಇನ್ನೂ ಹನ್ನೆರಡು ವರ್ಷ ಮುಂದಿತ್ತು. ಆ ಸೀಮೆಯಲ್ಲಿ ಆಗ ಕಂಪಿಲಿಯ ಅರಸರ ಆಳ್ವಿಕೆ. ಮೂರು ವರ್ಷಗಳಲ್ಲಿ, 1327ರಲ್ಲಿ, ಅದೂ ದೆಹಲಿಯ ಸೈನ್ಯಕ್ಕೆ ಸಿಕ್ಕಿ ನಾಶವಾಯಿತು.

ಆಮೇಲೆ ಶ್ರೀಕವೀಂದ್ರತೀರ್ಥರು, ಶ್ರೀವಾಗೀಶತೀರ್ಥರು ಅಲ್ಲಿ ನೆಲೆಸಿದರು. ಶ್ರೀವ್ಯಾಸರಾಜರು, ಶ್ರೀರಘುವರ್ಯತೀರ್ಥರು, ಶ್ರೀಶ್ರೀನಿವಾಸತೀರ್ಥರು, ಶ್ರೀರಾಮತೀರ್ಥರು, ಶ್ರೀಗೋವಿಂದ ಒಡೆಯರು ಬಂದರು. ಮಂತ್ರಾಲಯ ಪ್ರಭುಗಳ ಗುರುಗಳಾದ ಶ್ರೀಸುಧೀಂದ್ರತೀರ್ಥರ ವೃಂದಾವನವಾದದ್ದು ಹದಿನೇಳನೆಯ ಶತಮಾನದ ಆದಿಭಾಗದಲ್ಲಿ. ಈ ಕೊನೆಯ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1565ರ ರಕ್ಕಸತಂಗಡಿ ಯುದ್ಧದ ತರುವಾಯ ವಿಜಯನಗರ ಪಾಳುಬಿದ್ದು ಆಗಲೇ ಅರ್ಧ ಶತಮಾನ ಕಳೆದಿತ್ತು. ಅರಮನೆಗಳು ಸುಟ್ಟು, ಬೀದಿಗಳಲ್ಲಿ ಮುಳ್ಳು ಬೆಳೆದ ಮೇಲೂ ಆ ನಡುಗಡ್ಡೆಗೆ ಗುರುಗಳು ಬರುತ್ತಲೇ ಇದ್ದರು. ನಗರ ಹುಟ್ಟುವ ಮೊದಲೇ ಆರಂಭವಾದ ಕ್ಷೇತ್ರ ನಗರ ಅಳಿದ ಮೇಲೂ ಮುಂದುವರಿಯಿತು. ಅದಕ್ಕೆ ಕೋಟೆಯ ರಕ್ಷಣೆ ಮೊದಲೂ ಇರಲಿಲ್ಲ, ಕಡೆಗೂ ಇರಲಿಲ್ಲ. ಸುತ್ತಲೂ ಇದ್ದದ್ದು ಹೊಳೆ ಒಂದೇ.

ಈಗ ಪ್ರಶ್ನೆಗೆ ಬರೋಣ. 2019ರಲ್ಲಿ ನಮ್ಮ ಕಿವಿಗೆ ಬಿದ್ದ ಸಮಾಧಾನಗಳು ಮುಖ್ಯವಾಗಿ ಎರಡು. ಇದೆಲ್ಲ ಗುರುಗಳ ಲೀಲೆ, ಭಕ್ತರನ್ನು ಒಂದುಗೂಡಿಸಲು ಅವರೇ ಮಾಡಿಸಿದ್ದು ಎಂಬುದು ಮೊದಲನೆಯದು. ದುಷ್ಕರ್ಮಿಗಳು ಇಷ್ಟು ಶೀಘ್ರವಾಗಿ ಸಿಕ್ಕಿಬಿದ್ದದ್ದೇ ಗುರುಗಳ ಮಹಿಮೆ ಎಂಬುದು ಎರಡನೆಯದು. ಭಕ್ತಿಯಿಂದ ಹೇಳಿದ ಮಾತುಗಳನ್ನು ಹಗುರಾಗಿ ತಳ್ಳಿಹಾಕುವ ಧೈರ್ಯ ನಮಗಿಲ್ಲ. ಆದರೂ ಇವೆರಡೂ ನಮಗೆ ಸಮಾಧಾನವನ್ನು ಕೊಡಲಿಲ್ಲವೆಂದೇ ಹೇಳಬೇಕು. ಎಲ್ಲವೂ ಲೀಲೆಯಾದ ಪಕ್ಷದಲ್ಲಿ ಅಗೆದವನು ಉಪಕರಣ ಮಾತ್ರನಾದಾನು, ಅವನ ಪಾಪವೇನು? ಕಾವಲಿಡದೆ ಇದ್ದ ನಮ್ಮ ತಪ್ಪೇನು? ಲೀಲೆಯೆಂಬ ಮಾತು ಇಲ್ಲಿ ಗುರುಗಳನ್ನು ಹೊಗಳುವಂತೆ ಕಂಡರೂ, ನಮ್ಮನ್ನು ಹೊಣೆಯಿಂದ ಬಿಡಿಸುವ ಕೆಲಸವನ್ನೇ ಮಾಡುತ್ತದೆ. ಎರಡನೆಯ ಸಮಾಧಾನದಲ್ಲಿ ಗುರುಗಳಿಗೆ ಪೊಲೀಸು ಠಾಣೆಯ ಕೆಲಸವನ್ನು ವಹಿಸಿದಂತಾಯಿತು. ನಾಳೆ ಇನ್ನೊಂದು ಕ್ಷೇತ್ರದಲ್ಲಿ ಕಳ್ಳರು ಸಿಕ್ಕದೆ ಹೋದರೆ ಅಲ್ಲಿಯ ಗುರುಗಳಿಗೆ ಮಹಿಮೆಯಿಲ್ಲವೆಂದು ಹೇಳುತ್ತೇವೆಯೆ?

ಅನ್ಯಮತದವರಾಗಿದ್ದರೆ ಮೂರನೆಯದೊಂದು ಸಮಾಧಾನ ನಮಗೆ ಒದಗುತ್ತಿತ್ತು: ಕಲ್ಲೂ ಮಿಥ್ಯೆ, ಒಡೆದದ್ದೂ ಮಿಥ್ಯೆ, ದುಃಖಿಸುವವನೂ ಪರಮಾರ್ಥದಲ್ಲಿ ಇಲ್ಲ ಎಂಬುದು. ಆ ಬಾಗಿಲನ್ನು ಮುಚ್ಚಿದವರೇ ಶ್ರೀವ್ಯಾಸರಾಜರು. ಅವರ ನ್ಯಾಯಾಮೃತವು ಜಗತ್ತಿನ ಮಿಥ್ಯಾತ್ವಕ್ಕೆ ಪ್ರತಿವಾದಿಗಳು ಕೊಟ್ಟ ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುತ್ತದೆ. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ರಚಿಸಬೇಕಾಯಿತು. ಭಾರತದ ದರ್ಶನಗಳ ಇತಿಹಾಸದಲ್ಲಿಯೇ ಅಪೂರ್ವವಾದ ಆ ವಾದಪರಂಪರೆಯ ಮೂಲದಲ್ಲಿರುವ ನಿಲುವು ಸರಳವಾದದ್ದು: ಪ್ರತ್ಯಕ್ಷವಾಗಿ ಕಾಣುವ ಈ ಜಗತ್ತು ಸತ್ಯ. ಮಣ್ಣು ಸತ್ಯ, ನೀರು ಸತ್ಯ, ಶಿಲೆ ಸತ್ಯ. ಯಾವ ಮಹಾನುಭಾವರು ಶಿಲೆಯ ಸತ್ಯತ್ವವನ್ನು ತರ್ಕದಿಂದ ಸ್ಥಾಪಿಸಿದರೋ ಅವರ ವೃಂದಾವನದ ಶಿಲೆಯೇ ಒಡೆದದ್ದು. ಆದುದರಿಂದ ಅವರ ಶಿಷ್ಯರಾದ ನಾವು, ನಿಜವಾಗಿ ಏನೂ ಆಗಿಲ್ಲ ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ. ಆದ ನಷ್ಟ ನಿಜವಾದ ನಷ್ಟ.

ನಷ್ಟವಾದದ್ದು ಯಾವುದಕ್ಕೆ? ಪಂಚಭೇದವನ್ನು ನಾವು ಬಾಲ್ಯದಿಂದ ಕೇಳಿಕೊಂಡು ಬಂದಿದ್ದೇವೆ. ಪರೀಕ್ಷೆಯ ಪಾಠದಂತೆ ಒಪ್ಪಿಸಿಯೂ ಇದ್ದೇವೆ. ಜಡಕ್ಕೂ ಈಶ್ವರನಿಗೂ ಭೇದ; ಜಡಕ್ಕೂ ಜೀವನಿಗೂ ಭೇದ. ಹಾಗಿರುವಲ್ಲಿ ಶಿಲೆಯೇ ಗುರುಗಳೆಂದು ನಾವು ಎಂದೂ ಹೇಳಿದವರಲ್ಲ. ಗುರುಗಳಲ್ಲಿರುವ, ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ಶಿಲೆಯೆಂದು ಹೇಳುವುದಂತೂ ದೂರ ಉಳಿಯಿತು. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಪ್ರತೀಕದ ವಿಚಾರ ಬರುತ್ತದೆ. ಪ್ರತೀಕವನ್ನೇ ಬ್ರಹ್ಮವೆಂದು ಭಾವಿಸಬಾರದು, ಪ್ರತೀಕದಲ್ಲಿ ಇರುವ ಬ್ರಹ್ಮನನ್ನು ಉಪಾಸಿಸಬೇಕು ಎಂಬುದು ಅಲ್ಲಿ ಶ್ರೀಮದಾಚಾರ್ಯರ ನಿರ್ಣಯ. ಒಂದೇ ವಿಭಕ್ತಿಯ ವ್ಯತ್ಯಾಸ. ಅದರ ಮೇಲೆ ಇಡೀ ಪೂಜಾಕ್ರಮವೇ ನಿಂತಿದೆ. ಹಾರೆಯ ಏಟು ಬಿದ್ದದ್ದು ಶಿಲೆಯ ಮೇಲೆ. ಅಲ್ಲಿ ಸನ್ನಿಹಿತರಾದವರನ್ನು ಅದು ಮುಟ್ಟಲಾರದು. ಇಷ್ಟನ್ನು ಮಕ್ಕಳಿಗೆ ನಿಸ್ಸಂದೇಹವಾಗಿ ಹೇಳಬಹುದು.

ಎರಡನೆಯ ಪ್ರಶ್ನೆಗೂ ಇದರಿಂದಲೇ ದಾರಿ ಕಾಣುತ್ತದೆ. ಜಡ ಜಡಗಳಿಗೂ ಭೇದವಿದೆಯೆಂಬುದನ್ನು ಒಪ್ಪಿದವರು ನಾವು. ಕಿತ್ತು ಮತ್ತೆ ಜೋಡಿಸಿದ ಕಟ್ಟಡವು ಎಲ್ಲ ಬಗೆಯಲ್ಲೂ ಹಿಂದಿನದೇ ಎಂದು ಸಾಧಿಸಲು ಹೊರಡಬೇಕಾದ ಅಗತ್ಯವೇ ನಮಗಿಲ್ಲ. ವೃಂದಾವನವೆಂಬ ಹೆಸರಾದರೂ ಎಲ್ಲಿಂದ ಬಂತು? ತುಳಸಿಯಿಂದ. ಮೇಲೆ ನೆಟ್ಟ ತುಳಸಿ ಬೇಸಿಗೆಯಲ್ಲಿ ಒಣಗುತ್ತದೆ; ಅರ್ಚಕರು ಹೊಸ ಸಸಿಯನ್ನು ನೆಡುತ್ತಾರೆ; ಹಳೆಯ ತುಳಸಿಯೊಡನೆ ವೃಂದಾವನವೂ ಹೋಯಿತೆಂದು ಯಾರೂ ಕಣ್ಣೀರು ಸುರಿಸುವುದಿಲ್ಲ. ಸನ್ನಿಧಾನವು ವಸ್ತುವಿನ ಗುಣವಾಗಿದ್ದರೆ ವಸ್ತುವಿನೊಡನೆ ನಾಶವಾಗುತ್ತಿತ್ತು. ಅದು ಸ್ವತಂತ್ರನಾದ ಶ್ರೀಹರಿಯ ಇಚ್ಛೆಯಿಂದಲೂ, ಅವನ ಅನುಗ್ರಹಕ್ಕೆ ಪಾತ್ರರಾದ ಗುರುಗಳ ಕರುಣೆಯಿಂದಲೂ ಬರತಕ್ಕದ್ದು. ಜೀರ್ಣೋದ್ಧಾರದ ವಿಧಿಗಳನ್ನು ಶಾಸ್ತ್ರವು ಮೊದಲೇ ಹೇಳಿಟ್ಟಿರುವುದನ್ನೂ ಗಮನಿಸಬೇಕು. ಬಿರುಕುಬಿಡದ ಕಲ್ಲು, ಕುಸಿಯದ ಗೋಡೆ ಲೋಕದಲ್ಲಿ ಇಲ್ಲವೆಂಬುದು ನಮ್ಮ ಪೂರ್ವಿಕರಿಗೆ ತಿಳಿದಿತ್ತು. ದ್ವಾರಕೆಯನ್ನೇ ಸಮುದ್ರವು ಮುಳುಗಿಸಿದ ಕಥೆಯನ್ನು ಮೌಸಲಪರ್ವದಲ್ಲಿ ಓದುವ ನಾವು, ಅದರಿಂದ ಶ್ರೀಕೃಷ್ಣನ ಮಹಿಮೆಗೆ ಕುಂದು ಬಂತೆಂದು ಭಾವಿಸಿದ್ದುಂಟೆ?

ಇಲ್ಲಿಗೆ ಪ್ರಶ್ನೆ ಮುಗಿಯುವಂತಿದ್ದರೆ ಈ ಲೇಖನವನ್ನು ಬರೆಯುವ ಅವಶ್ಯಕತೆ ಇರುತ್ತಿರಲಿಲ್ಲ. ಶಿಲೆಯು ಗುರುಗಳಲ್ಲ ಎಂದಮೇಲೆ ಆ ದಿನ ನಾವು ಅತ್ತದ್ದೇಕೆ? ಆ ದುಃಖ ಅಜ್ಞಾನದ ಫಲವೆ? ಹಾಗಲ್ಲವೆಂದು ನಮ್ಮ ಭಾವನೆ. ಗ್ರಂಥದ ಉದಾಹರಣೆಯನ್ನು ತೆಗೆದುಕೊಳ್ಳೋಣ. ತಾತ್ಪರ್ಯಚಂದ್ರಿಕೆಯ ಹಳೆಯ ತಾಳೆಗರಿಯ ಪ್ರತಿಯೊಂದನ್ನು ಯಾರೋ ಒಲೆಗೆ ಹಾಕಿದರೆನ್ನಿ. ಚಂದ್ರಿಕೆ ನಾಶವಾಗುವುದಿಲ್ಲ; ಅದು ಅಚ್ಚಾಗಿದೆ, ಪಾಠಶಾಲೆಗಳಲ್ಲಿ ಇಂದಿಗೂ ಪಾಠವಾಗುತ್ತಿದೆ. ಆದರೂ ಆ ಗರಿಗಳನ್ನು ಸುಟ್ಟವನು ತಪ್ಪುಮಾಡಲಿಲ್ಲವೆಂದು ಯಾವ ವಿದ್ಯಾರ್ಥಿಯಾದರೂ ಒಪ್ಪುವನೆ? ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತುಂಬಿ, ದಾರ ಪೋಣಿಸಿ, ಹುಳು ತಿನ್ನದಂತೆ ಕಾದು, ತಲೆಮಾರುಗಳ ಜನ ನಮ್ಮ ಕೈಗೆ ಒಪ್ಪಿಸಿದ ವಸ್ತು ಅದು. ವೃಂದಾವನವೂ ಹಾಗೆಯೇ. 1539ರಿಂದ ಈಚೆಗೆ ಹೊಳೆ ದಾಟಿ ಬಂದು ನಮಸ್ಕರಿಸಿದವರೆಲ್ಲರ ಕೈಯಿಂದ ಕೈಗೆ ಬಂದ ನ್ಯಾಸ. ಒಪ್ಪಿಸಿಕೊಂಡದ್ದನ್ನು ಕಾಯಲಾರದೆ ಹೋದಾಗ ಆಗುವ ದುಃಖ ಶಾಸ್ತ್ರವಿರುದ್ಧವಲ್ಲ.

ಕಾಯುವ ಹೊಣೆ ಯಾರದು ಎಂಬಲ್ಲಿ ಸಿದ್ಧಾಂತವು ಇನ್ನೊಂದು ಮಾತನ್ನು ಹೇಳುತ್ತದೆ. ಜೀವನು ಪರತಂತ್ರನೇ ಸರಿ, ಆದರೂ ಕರ್ತೃವಲ್ಲದವನಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವಕರ್ತೃತ್ವದ ಚರ್ಚೆಯನ್ನು ಇಟ್ಟಿರುವುದೇ ಇದಕ್ಕಾಗಿ. ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎಂಬ ವಿಧಿನಿಷೇಧಗಳಿಗೆ ಅರ್ಥವಿರುವುದಿಲ್ಲ. ಅಗೆದವರ ಪಾಪ ಅಗೆದವರದು. ನಿರ್ಜನವಾದ ನಡುಗಡ್ಡೆಯನ್ನು ರಾತ್ರಿ ಹೊಳೆಯ ಭರವಸೆಗೆ ಬಿಟ್ಟ ಉದಾಸೀನ ನಮ್ಮದು. ನಾವು ಎಂದರೆ ಆರಾಧನೆಗೆ ಮಾತ್ರ ಸಾಲುಗಟ್ಟಿ ಹೋಗಿ, ಉಳಿದ ದಿನ ಮರೆಯುವ ಸಮಸ್ತ ಶಿಷ್ಯವರ್ಗ. ಪೂಜೆಯ ಹಕ್ಕು ಯಾರಿಗೆ ಸೇರಿದ್ದೆಂಬ ವ್ಯಾಜ್ಯಗಳಿಗೆ ಖರ್ಚಾದ ಶ್ರಮದಲ್ಲಿ ಒಂದು ಪಾಲು ಕಾವಲಿಗೆ ಮೀಸಲಾಗಿದ್ದರೆ ಎಂದು ಯೋಚಿಸಿದವರು ನಾವೊಬ್ಬರೇ ಇರಲಾರೆವು. ಈ ವಿಷಯವನ್ನು ಇಲ್ಲಿಗೆ ಬಿಡುತ್ತೇವೆ.

ಆದರೆ ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಯತಿಯೊಬ್ಬರ ವೃಂದಾವನದ ಕೆಳಗೆ ನಿಧಿಯಿದೆಯೆಂಬ ಕಲ್ಪನೆ ಆ ದುಷ್ಕರ್ಮಿಗಳಿಗೆ ಬಂದದ್ದು ಎಲ್ಲಿಂದ? ಅವರ ಮನಸ್ಸನ್ನು ಬಲ್ಲವರು ನಾವಲ್ಲ. ಆದರೆ ನಮ್ಮ ಉಪನ್ಯಾಸಗಳನ್ನು ನಾವು ಬಲ್ಲೆವು. ಶ್ರೀವ್ಯಾಸರಾಜರ ಚರಿತ್ರೆಯನ್ನು ಹೇಳುವಾಗ ನಾವು ಎಷ್ಟು ಹೊತ್ತು ನ್ಯಾಯಾಮೃತದ ಮೇಲೆ ನಿಲ್ಲುತ್ತೇವೆ, ಎಷ್ಟು ಹೊತ್ತು ರತ್ನಾಭಿಷೇಕದ ಮೇಲೆ, ಸಿಂಹಾಸನದ ಮೇಲೆ? ಕುಹಯೋಗದ ಪರಿಹಾರಕ್ಕಾಗಿ ಕೃಷ್ಣದೇವರಾಯನು ಗುರುಗಳನ್ನು ಸಿಂಹಾಸನದಲ್ಲಿ ಕುಳ್ಳಿರಿಸಿದ ಕಥೆ ಸಂಪ್ರದಾಯದಲ್ಲಿ ಪ್ರಸಿದ್ಧವಾದದ್ದು. ಅದನ್ನು ಹೇಳಬಾರದೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಕೇಳುವವನ ಕಣ್ಣಿನ ಮುಂದೆ ಬರೀ ವಜ್ರವೈಡೂರ್ಯಗಳ ರಾಶಿಯನ್ನೇ ಸುರಿದು, ಆ ಸಂಪತ್ತು ಏನಾಯಿತೆಂಬುದನ್ನು ಹೇಳದೆ ಬಿಟ್ಟರೆ, ಅವನು ಅದು ಎಲ್ಲಿಯೋ ಹೂತಿದೆಯೆಂದು ತಿಳಿದರೆ ಆಶ್ಚರ್ಯವೇನು?

ಏನಾಯಿತೆಂಬುದಕ್ಕೆ ಶಾಸನಗಳ ಮತ್ತು ನೆಲದ ಸಾಕ್ಷಿ ಇದೆ. ಅರಸನು ಗುರುಗಳಿಗೆ ಗ್ರಾಮಗಳನ್ನು ದಾನವಾಗಿ ಕೊಟ್ಟನು. ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಒಣಸೀಮೆಯೊಂದರಲ್ಲಿ ಹಾಗೆ ಬಂದ ನೆಲದಲ್ಲಿ ಗುರುಗಳು ದೊಡ್ಡ ಕೆರೆಯೊಂದನ್ನು ಕಟ್ಟಿಸಿದರು. ಅದಕ್ಕೆ ವ್ಯಾಸಸಮುದ್ರವೆಂದು ಹೆಸರಾಯಿತು. ರಾಜಸಂಪತ್ತು ಕೆರೆಯ ಏರಿಯಾಯಿತು, ಗದ್ದೆಯ ನೀರಾಯಿತು. ವಿದ್ಯಾರ್ಥಿಗಳ ಅನ್ನವಾಯಿತು, ಶ್ರೀವಾದಿರಾಜರು, ಶ್ರೀವಿಜಯೀಂದ್ರರು ಅವರಲ್ಲಿ ಓದಿದರೆಂಬುದನ್ನು ಬಲ್ಲೆವು. ಪುರಂದರದಾಸರು, ಕನಕದಾಸರು ಕೂಡಿದ ದಾಸಕೂಟಕ್ಕೆ ಆಶ್ರಯವಾಯಿತು. ಹೂತಿಡಲು ಉಳಿದದ್ದೇನು? ಸಂನ್ಯಾಸಿಯ ವೃಂದಾವನವನ್ನು ಅಗೆದವನು ಚರಿತ್ರೆಯನ್ನು ಓದಿರಲಿಲ್ಲ, ಅಷ್ಟೆ. ನಾವು ಅವನಿಗೆ ಹೇಳಿರಲೂ ಇಲ್ಲ.

ಚರಿತ್ರೆಯನ್ನು ಓದಹೊರಟಾಗ ನಮಗೆ ಹಿತವಾಗದ ಸಂಗತಿಗಳೂ ಎದುರಾಗುತ್ತವೆ. ಹಂಪಿಯ ಶ್ರೀಕೃಷ್ಣ ದೇವಾಲಯದ ಮೂಲಮೂರ್ತಿಯಾದ ಬಾಲಕೃಷ್ಣನು ಉದಯಗಿರಿಯಿಂದ ಬಂದವನು. ಗಜಪತಿಯ ಕೈಯಿಂದ ಆ ದುರ್ಗವನ್ನು ಗೆದ್ದ ಕೃಷ್ಣದೇವರಾಯನು ವಿಗ್ರಹವನ್ನು ರಾಜಧಾನಿಗೆ ತಂದು 1515ರಲ್ಲಿ ಪ್ರತಿಷ್ಠೆ ಮಾಡಿಸಿದನು. ನಮಗೆ ಅದು ಭಕ್ತಿಯ ಉತ್ಸವ. ಉದಯಗಿರಿಯ ಅರ್ಚಕನಿಗೆ ಆ ದಿನ ಹೇಗಿತ್ತೋ! ಈಗ ಆ ಮೂರ್ತಿ ಹಂಪಿಯಲ್ಲೂ ಇಲ್ಲ, ಚೆನ್ನೈನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋದ ಮಾಧ್ವನು ಪಾದರಕ್ಷೆಯನ್ನು ಬಿಟ್ಟು ಕೈಮುಗಿಯಬೇಕೆ, ಚೀಟಿ ಕೊಂಡ ಪ್ರೇಕ್ಷಕನಂತೆ ನೋಡಿ ಹೊರಡಬೇಕೆ? ಆವಾಹನೆಯೂ ನಿತ್ಯಪೂಜೆಯೂ ನಿಂತ ಪ್ರತಿಮೆಯಲ್ಲಿ ವಿಶೇಷ ಸನ್ನಿಧಾನವನ್ನು ಹೇಳುವುದು ಕಷ್ಟ. ಸರ್ವವ್ಯಾಪ್ತನು ಅಲ್ಲಿ ಇಲ್ಲವೆಂದು ಹೇಳುವುದಂತೂ ಸಾಧ್ಯವೇ ಇಲ್ಲ. ನಾವಾದರೆ ಕೈಮುಗಿಯುತ್ತೇವೆ, ಮುಗಿಯದವನನ್ನು ದೂಷಿಸುವುದಿಲ್ಲ.

ವಿಟ್ಠಲ ದೇವಾಲಯದ ವಿಷಯವೂ ಇಂಥದೇ. ಗರ್ಭಗುಡಿ ಬರಿದಾಗಿದೆ. ಜನರು ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಬರಿದಾದ ಗರ್ಭಗುಡಿಯ ಬಾಗಿಲಲ್ಲಿ ಇಣುಕಿ, ‘ಒಳಗೇನೂ ಇಲ್ಲ’ ಎಂದು ಹೊರಟುಬಿಡುತ್ತಾರೆ. ಹೊಳೆಯ ಅಂಚಿನಲ್ಲಿರುವ ಪುರಂದರದಾಸರ ಮಂಟಪಕ್ಕೆ ಹೋಗುವವರು ಅವರಲ್ಲಿ ಕಡಿಮೆ. ಇತ್ತ ಪೂಜೆ ಉಳಿದಿರುವ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಪ್ರಾಣದೇವರ ಗುಡಿಯಲ್ಲಿ, ವ್ಯಾಸರಾಜರೇ ಪ್ರತಿಷ್ಠೆ ಮಾಡಿದ ಮೂರ್ತಿಯ ಮುಂದೆ, ಸಂಕಲ್ಪ ಹೇಳಿಸುವ ಅವಸರ. ಒಂದು ಗುಡಿಯಲ್ಲಿ ಕಲೆಯೆಂದು ನೋಡುತ್ತೇವೆ, ಇನ್ನೊಂದು ಗುಡಿಯಲ್ಲಿ ಫಲಕ್ಕಾಗಿ ಬೇಡುತ್ತೇವೆ. ಎರಡು ಕಡೆಯಲ್ಲಿಯೂ ಇಲ್ಲಿ ಬದುಕಿದವರು ಯಾರು, ಏನನ್ನು ಸತ್ಯವೆಂದು ಹಿಡಿದರು ಎಂದು ಕೇಳುವ ಯಾತ್ರಿಕರು ವಿರಳ.

ನವವೃಂದಾವನಕ್ಕೆ ಹೋಗುವ ವಾಚಕರಿಗೆ ನಮ್ಮ ಕೆಲವು ವಿನಂತಿಗಳಿವೆ. ವೃಂದಾವನಗಳನ್ನು ಮುಟ್ಟಬೇಡಿರಿ, ಅರಿಶಿನ ಕುಂಕುಮ ಎಣ್ಣೆಗಳನ್ನು ಕಲ್ಲಿಗೆ ಬಳಿಯಬೇಡಿರಿ, ಕರ್ಪೂರವನ್ನು ಕಂಡಕಂಡಲ್ಲಿ ಹಚ್ಚಿ ಶಿಲೆಯನ್ನು ಕಪ್ಪಾಗಿಸಬೇಡಿರಿ. ಪ್ಲಾಸ್ಟಿಕ್ಕಿನ ಚೀಲಗಳನ್ನು ಒಯ್ದಿದ್ದರೆ ಮರಳಿ ತನ್ನಿರಿ. ಪ್ರದಕ್ಷಿಣೆಯ ಸಂಖ್ಯೆಯನ್ನು ಎಣಿಸುವುದರ ಜೊತೆಗೆ ಒಂಬತ್ತು ಹೆಸರುಗಳನ್ನೂ ಅವರವರ ಒಂದೊಂದು ಗ್ರಂಥವನ್ನೋ ಗುರುಶಿಷ್ಯ ಸಂಬಂಧವನ್ನೋ ಮಕ್ಕಳಿಗೆ ಸ್ಥಳದಲ್ಲಿಯೇ ಹೇಳಿರಿ. ಮಕ್ಕಳು 2019ರ ಪ್ರಶ್ನೆಯನ್ನು ಕೇಳಿದರೆ ಗದರಿಸಬೇಡಿರಿ. ನ್ಯಾಯಾಮೃತವನ್ನು ಬರೆದವರ ಎದುರಿಗೆ ನಿಂತು ಪ್ರಶ್ನೆ ಕೇಳುವುದು ಅಪರಾಧವಾಗಲಾರದು.

ಹೊಳೆ ದಾಟುವುದು ದೋಣಿಯಿಂದಲೇ. ಮಳೆಗಾಲದಲ್ಲಿ ಮೇಲಿನ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ದೂರದ ಊರಿನಿಂದ ಬಂದವರು ಆನೆಗೊಂದಿಯ ದಡದಲ್ಲಿ ನಿಂತು, ಕೆಂಪು ನೀರಿನ ಆಚೆಗೆ ನೋಡಿ ಮರಳಬೇಕಾಗುತ್ತದೆ. ಅಂಥ ಸಮಯದಲ್ಲಿ ಹೆಚ್ಚು ಹಣದ ಆಸೆ ತೋರಿಸಿ ದೋಣಿಯವನನ್ನು ಒಪ್ಪಿಸಲು ಹೋಗಬೇಡಿರಿ. ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ದಡದಿಂದಲೇ ನಮಸ್ಕರಿಸಿ, ನೀರು ಇಳಿದ ಮೇಲೆ ಕಾರ್ತಿಕದಲ್ಲೋ, ಫಾಲ್ಗುಣದ ಆರಾಧನೆಗೋ ಮತ್ತೆ ಬರಬಹುದು.